ಹಿನ್ನೀರಿನಾಚೆಯ ಮನೆಗೊಂದು ಡಿಶ್

ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಒಂದು ಒಂಟಿ ಮನೆ. ಇರುವವರು ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ. ಮಗ ಬೆಂಗಳೂರಿನಲ್ಲಿ. ಮನೆಯ ಟಿ.ವಿ. ಕಳೆದ ಮಳೆಗಾಲದಿಂದ ಸುಮ್ನೆ ಕೂತಿತ್ತು. ತಿಂಗಳು ತಿಂಗಳು ದುಡ್ಡು ಕಟ್ಟುವ ಡಿಶ್ ಹಾಕಿಸಿದ್ದರು, ಅದು ಕೆಲಸ ನಿಲ್ಲಿಸಿತ್ತು. ನೋಡಲು ಬಂದ ಮೆಕ್ಯಾನಿಕ್ ಒಬ್ಬರು ಅಂಗಳದಾಚೆಯ ದೊಡ್ಡ ಹಲಸಿನ ಮರ ತೋರಿಸಿ, 'ಇದನ್ನು ಕಡಿಯದೆ ಸಿಗ್ನಲ್ ಬರಲ್ಲ' ಎಂದು ಹೇಳಿ ಹೋಗಿದ್ದರು. ಮರ ಕಡಿಯಲು ಅಮ್ಮ ಒಪ್ಪಲಿಲ್ಲ. ಟಿ.ವಿ. ಮೇಲೆ ಬಟ್ಟೆ ಹೊದೆಸಿಟ್ಟರು.

ಮಗ ನನಗೆ ಪರಿಚಯ. '2023ರ ಮಳೆಗಾಲ ಹಿಡಿಯೋದ್ರೊಳಗೆ ಏನಾದ್ರೂ ಮಾಡಿಕೊಡಿ ಮಾರಾಯ್ರೆ' ಎಂದು ಕೇಳಿದರು. ಮಾರ್ಚ್ ನಡುವಿನಲ್ಲಿ ಆ ಕೆಲಸ ಹಿಡಿದೆವು.

ಆ ಜಾಗ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಕರೂರು, ಬಾರಂಗಿ ಹೋಬಳಿಗಳ ಊರುಗಳು ತಾಲ್ಲೂಕು ಕೇಂದ್ರವಾದ ಸಾಗರದಿಂದ ಕಡಿದುಹೋದವು. ಎಷ್ಟೋ ಊರುಗಳು ಮುಳುಗೇ ಹೋದವು. ಉಳಿದ ಕಡೆಯನ್ನು ಜನ ದ್ವೀಪ ಅಂತಲೇ ಕರೆಯುತ್ತಾರೆ. ನಕಾಶೆ ನೋಡಿದರೆ ಪೂರ್ತಿ ದ್ವೀಪವಲ್ಲ. ನಿಟ್ಟೂರು, ಕೊಲ್ಲೂರು ಕಡೆಯಿಂದ ಕಾಡಿನ ನಡುವೆ ರಸ್ತೆ ಇದೆ. ಆದರೆ ಆಸ್ಪತ್ರೆ, ಕಚೇರಿ, ಅಡಿಕೆ ಮಂಡಿ ಎಲ್ಲ ಇರುವುದು ಸಾಗರದಲ್ಲಿ. ಹಾಗಾಗಿ ದಶಕಗಟ್ಟಲೆ ಅಲ್ಲಿನವರ ಬದುಕು ನಡೆದದ್ದು ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಮೇಲೆ. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಆ ದಡದವರು ಆ ದಡ, ಈ ದಡದವರು ಈ ದಡ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಿದ್ದರು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕಾಗಿ ನೆಲ ಬಿಟ್ಟುಕೊಟ್ಟವರ ಎಷ್ಟೋ ಮನೆಗಳಿಗೆ ಕರೆಂಟು ಬಂದದ್ದು ಮಾತ್ರ ಬಹಳ ತಡವಾಗಿ. ಆ ಸಿಟ್ಟು ಅಲ್ಲಿ ಈಗಲೂ ಮಾತಿನ ನಡುವೆ ಬಂದು ಹೋಗುತ್ತದೆ.

ಇಂಥ ಕಡೆ ಡಿಶ್ ಕೂರಿಸುವುದು ದೊಡ್ಡ ಕೆಲಸವಲ್ಲ. ಆರಿದ್ರಾ, ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗ ಅದು ಕೆಟ್ಟರೆ ಯಾರು ಬರುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ. ಯಾರೂ ಬರುವುದಿಲ್ಲ. ಹಾಗಾಗಿ ಎಪ್ಪತ್ತು ದಾಟಿದ ಯಜಮಾನರು ಏಣಿ ಹತ್ತದೆ, ಒಬ್ಬರೇ ಸರಿಮಾಡಿಕೊಳ್ಳುವಂತೆ ಇರಬೇಕು ಎಂದು ಮೊದಲೇ ತೀರ್ಮಾನಿಸಿದೆವು. ಮುಂದಿನ ಎಲ್ಲ ಆಯ್ಕೆಗಳೂ ಇದರಿಂದಲೇ ಬಂದವು.

ಏನಿತ್ತು, ಏನಾಗಿತ್ತು

ಮನೆಯ ಹಿಂದೆ ಹಳೆಯ ದೂರದರ್ಶನದ ಆಂಟೆನಾ ಇನ್ನೂ ನಿಂತಿತ್ತು. ಮೀನಿನ ಮುಳ್ಳಿನಂಥದ್ದು, ಉದ್ದದ ಜಿ.ಐ. ಪೈಪಿನ ತುದಿಯಲ್ಲಿ. 1980ರ ದಶಕದ ಕೊನೆಗೆ ಹಾಕಿಸಿದ್ದಂತೆ. ಆಗ ಕಾರಿನ ಬ್ಯಾಟರಿಗೆ ಪುಟ್ಟ ಕಪ್ಪು ಬಿಳುಪು ಟಿ.ವಿ. ಸಿಕ್ಕಿಸಿ ನೋಡುತ್ತಿದ್ದರು. ಭಾನುವಾರ ಬೆಳಗ್ಗೆ ರಾಮಾಯಣಕ್ಕೆ ಸುತ್ತಲಿನ ಮನೆಯವರೆಲ್ಲ ಜಗಲಿಯಲ್ಲಿ ಜಮಾಯಿಸುತ್ತಿದ್ದರು. ಹೊರಗೆ ಒಬ್ಬರು ಪೈಪು ತಿರುಗಿಸುವುದು, ಒಳಗಿಂದ ಇನ್ನೊಬ್ಬರು 'ಬಂತು, ಬಂತು, ಅಯ್ಯೋ ಹೋಯ್ತು' ಅನ್ನುವುದು. ಆ ಕಾಲದ ಯಾರಿಗೆ ಇದು ನೆನಪಿಲ್ಲ ಹೇಳಿ!

'ಇದನ್ನೇ ಸ್ವಲ್ಪ ರಿಪೇರಿ ಮಾಡಿದರೆ ಆಗೋದಿಲ್ವಾ?' ಎಂದು ಯಜಮಾನರು ಕೇಳಿದರು. ಆಗುವುದಿಲ್ಲ. ದೂರದರ್ಶನ ತನ್ನ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು 2022ರ ಮಾರ್ಚ್ ವೇಳೆಗೆ ಮುಚ್ಚಿತು. ನೆಲದ ಮೇಲಿನ ಡಿಜಿಟಲ್ ಪ್ರಸಾರ ಇದ್ದದ್ದು ಬೆಂಗಳೂರಿನಂಥ ಕೆಲವೇ ನಗರಗಳಲ್ಲಿ. ಆ ಆಂಟೆನಾ ಎಷ್ಟೇ ಚೆನ್ನಾಗಿದ್ದರೂ ಹಿಡಿಯಲು ಗಾಳಿಯಲ್ಲಿ ಏನೂ ಇಲ್ಲ. ಆದರೆ ಅದರ ಪೈಪು ಗಟ್ಟಿಯಾಗಿತ್ತು. ಕೆಳಗಿನ ತುಕ್ಕು ಹಿಡಿದ ಭಾಗ ಕೊಯ್ದು ಹೊಸ ಡಿಶ್ಶಿಗೆ ಅದನ್ನೇ ಕಂಬ ಮಾಡಿಕೊಂಡೆವು.

ಕೆಟ್ಟುಹೋಗಿದ್ದ ಡಿಶ್ ಅಟ್ಟದ ಗೋಡೆಗೆ, ಸೂರಿನ ಅಂಚಿಗೆ ಬಡಿದಿದ್ದದ್ದು. ಹೆಂಚಿನ ಮಾಡು. ಅಲ್ಲಿಗೆ ಹೋಗಬೇಕಾದರೆ ಹೆಂಚಿನ ಮೇಲೆ ಕಾಲಿಡಬೇಕು, ಮಳೆಗಾಲದಲ್ಲಿ ಪಾಚಿ. ವಯಸ್ಸಾದವರು ಹತ್ತುವ ಮಾತೇ ಇಲ್ಲ. ಬಾಕ್ಸ್ ಹಾಕಿ ನೋಡಿದರೆ ಪರದೆಯ ಮೇಲೆ ಸ್ಟ್ರೆಂತ್ ಚೆನ್ನಾಗಿದೆ, ಕ್ವಾಲಿಟಿ ಸೊನ್ನೆ. ಮನೆಯಲ್ಲಿ ಡಿಶ್ ಇರುವ ಎಲ್ಲರಿಗೂ ಇದು ಗೊತ್ತಿದ್ದರೆ ಒಳ್ಳೆಯದು. ಸ್ಟ್ರೆಂತ್ ಅಂದರೆ ಸಂತೆಯ ಗದ್ದಲ ಕಿವಿಗೆ ಬಿದ್ದ ಹಾಗೆ, ಕ್ವಾಲಿಟಿ ಅಂದರೆ ಆ ಗದ್ದಲದಲ್ಲಿ ನಮಗೆ ಬೇಕಾದವರ ಮಾತು ಕೇಳಿದ ಹಾಗೆ. ಡಿಶ್ಶಿನ ಮೂತಿಯಲ್ಲಿದ್ದು ಸಿಗ್ನಲ್ ಹಿಡಿದು ಕೇಬಲಿಗೆ ಕಳಿಸುವ ಎಲ್‌ಎನ್‌ಬಿಗೆ ಕರೆಂಟು ತಲುಪಿದರೆ ಸಾಕು, ಆಕಾಶದ ಕಡೆ ಎಲ್ಲಿ ತಿರುಗಿಸಿದರೂ ಸ್ಟ್ರೆಂತ್ ಕಾಣಿಸುತ್ತದೆ. ಅಂದರೆ ಇಲ್ಲಿ ಕೇಬಲ್ ಬದುಕಿದೆ, ಎಲ್‌ಎನ್‌ಬಿಯೂ ಬದುಕಿರಬೇಕು. ಒಂದೋ ಡಿಶ್ ದಿಕ್ಕು ತಪ್ಪಿದೆ, ಇಲ್ಲ ದಾರಿಗೆ ಏನೋ ಅಡ್ಡ ಇದೆ. ಹತ್ತಿ ನೋಡಿದಾಗ ಕ್ಲಾಂಪ್ ಒಂದು ಕಡೆ ವಾಲಿತ್ತು. ಮಂಗಗಳು ಮಾಡಿನಿಂದ ಮರಕ್ಕೆ ಹಾರಲು ಅದನ್ನೇ ಮೆಟ್ಟಿಲು ಮಾಡಿಕೊಂಡಿದ್ದವು. ಹಲಸಿನ ಮರದ್ದು ಏನೂ ತಪ್ಪಿರಲಿಲ್ಲ.

ಅದನ್ನೇ ಸರಿಮಾಡಿ ಬರಬಹುದಿತ್ತು. ಆದರೆ ಮಂಗಗಳೂ ಅಲ್ಲೇ, ಹೆಂಚೂ ಅಲ್ಲೇ. ಜೊತೆಗೆ ರೀಚಾರ್ಜಿನ ರಗಳೆ. ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡದ ನೆತ್ತಿಗೆ ಹೋಗಬೇಕಾದ ಮನೆಯಲ್ಲಿ ತಿಂಗಳು ತಿಂಗಳು ದುಡ್ಡು ಕಟ್ಟುವುದು ಯಾರು? ಅವರು ನೋಡುವುದು ಚಂದನ, ವಾರ್ತೆ, ಅಪರೂಪಕ್ಕೆ ಒಂದು ಸಿನಿಮಾ. ಹಾಗಾಗಿ ಡಿಡಿ ಫ್ರೀ ಡಿಶ್ ಸಾಕು ಎಂದಾಯಿತು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದದ್ದು ಇದೇ. ಬಾಕ್ಸು, ಡಿಶ್ ಒಮ್ಮೆ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ನಗರದವರಿಗೆ ಚಾನೆಲ್ ಕಡಿಮೆ ಅನ್ನಿಸಬಹುದು. ಈ ಮನೆಗೆ ರೀಚಾರ್ಜ್ ಇಲ್ಲ ಅನ್ನುವುದೇ ದೊಡ್ಡ ಲಾಭ.

ಹಲಸಿನ ಮರದ ಲೆಕ್ಕ

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಕರೂರು ಸೀಮೆ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ಲೆಕ್ಕ ಹಾಕಿದರೆ ಉಪಗ್ರಹ ಕಾಣುವುದು ಉತ್ತರದಿಂದ ಪ್ರದಕ್ಷಿಣೆಯಾಗಿ 126 ಡಿಗ್ರಿಯಲ್ಲಿ, ಅಂದರೆ ಹೆಚ್ಚುಕಮ್ಮಿ ಆಗ್ನೇಯಕ್ಕೆ. ನೆಲದಿಂದ ಎತ್ತರ ಸುಮಾರು 63 ಡಿಗ್ರಿ. ನಮ್ಮ ಕಡೆ ದಿಕ್ಸೂಚಿ ಮುಳ್ಳಿನ ತಪ್ಪು ತೀರಾ ಕಡಿಮೆ. ಅಗ್ಗದ ದಿಕ್ಸೂಚಿಯೂ ಸಾಕು, ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಬೇಕು ಅಷ್ಟೆ.

ಈ 63 ಡಿಗ್ರಿ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಡಿಶ್ಶಿನ ಮುಖ ಎಷ್ಟು ಎತ್ತಿದೆಯೋ ಅಷ್ಟೇ ಎತ್ತರದಿಂದ ಸಿಗ್ನಲ್ ಬರುತ್ತದೆ ಅಂದುಕೊಳ್ಳುತ್ತೇವೆ. ಮನೆಗಳಿಗೆ ಹಾಕುವುದು ಆಫ್‌ಸೆಟ್ ಡಿಶ್. ಅದರ ಎಲ್‌ಎನ್‌ಬಿ ನಡುವಿಗೆ ಇರದೆ ಕೆಳಗಿನ ಅಂಚಿನಿಂದ ಚಾಚಿಕೊಂಡಿರುತ್ತದೆ. ಹಾಗಾಗಿ ಅದು ಕಾಣುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಹಲಸಿನ ಮರದ ಕಡೆಗೇ ಮೂತಿ ತಿರುಗಿಸಿ ನಿಂತ ಡಿಶ್ ನಿಜವಾಗಿ ನೋಡುತ್ತಿದ್ದದ್ದು ಮರದ ನೆತ್ತಿಯ ಮೇಲಿನ ಆಕಾಶವನ್ನು. ಆ ಮೆಕ್ಯಾನಿಕ್ ಹೇಳಿದ್ದು ಇದೇ ಕಣ್ಣಂದಾಜಿನಿಂದ ಇರಬೇಕು.

ಸುಲಭದ ಲೆಕ್ಕ ಒಂದಿದೆ. 63 ಡಿಗ್ರಿಯಲ್ಲಿ, ಅಡ್ಡಕ್ಕೆ ಒಂದು ಅಡಿ ಹೋದರೆ ಮೇಲಕ್ಕೆ ಸುಮಾರು ಎರಡು ಅಡಿ ಏರುತ್ತೇವೆ. ಅಂದರೆ ಡಿಶ್ಶಿಗಿಂತ 15 ಮೀಟರ್ ಎತ್ತರದ ಮರದಿಂದ 7-8 ಮೀಟರ್ ಆಚೆ ಇದ್ದರೆ ಸಾಕು, ಮರ ಅಡ್ಡ ಬರುವುದಿಲ್ಲ. ದೂರ ಅಳೆಯುವುದು ಬುಡದಿಂದ ಅಲ್ಲ, ನಮ್ಮ ಕಡೆ ಚಾಚಿದ ಕೊಂಬೆಯಿಂದ. ಮರ ಬೆಳೆಯಲು ಇನ್ನೂ ಒಂದೆರಡು ಮೀಟರ್ ಬಿಡಬೇಕು. ಮನೆಯ ಅಂಗಳಕ್ಕೆ ಅಷ್ಟು ಅಗಲ ಧಾರಾಳವಾಗಿ ಇತ್ತು.

ಆದರೂ ಅಮ್ಮನಿಗೆ ಕಾಗದದ ಲೆಕ್ಕದಲ್ಲಿ ನಂಬಿಕೆ ಬರಲಿಲ್ಲ. ಸರಿ, ಸೂರ್ಯನನ್ನೇ ಸಾಕ್ಷಿ ಕರೆದೆವು. ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಈ ಭಾಗದಿಂದ ನೋಡಿದರೆ ಸೂರ್ಯ ಸರಿಯಾಗಿ ಆ ಉಪಗ್ರಹದ ಬೆನ್ನ ಹಿಂದೆಯೇ ಹಾದು ಹೋಗುತ್ತಾನೆ. ಮಾರ್ಚ್‌ನಲ್ಲಿ ಅದು ಬೆಳಗ್ಗೆ ಹನ್ನೊಂದು ದಾಟಿದ ಮೇಲಿನ ಹೊತ್ತು. ಆ ಗಳಿಗೆಯಲ್ಲಿ ಅಂಗಳದ ಯಾವ ಜಾಗಕ್ಕೆ ಬಿಸಿಲು ಬಿದ್ದಿದೆಯೋ ಆ ಜಾಗಕ್ಕೆ ಉಪಗ್ರಹ ಕಾಣುತ್ತದೆ. ನೆರಳು ಬಿದ್ದಿದ್ದರೆ ಕಾಣುವುದಿಲ್ಲ. ಯಂತ್ರವೂ ಬೇಡ, ಆ್ಯಪ್ ಕೂಡ ಬೇಡ. ಹಲಸಿನ ನೆರಳಿನ ಅಂಚಿಗೆ ಅಮ್ಮನೇ ರಂಗೋಲಿ ಪುಡಿಯಲ್ಲಿ ಗೆರೆ ಎಳೆದರು. ಅದರಿಂದ ಈಚೆಗೆ ನಾಲ್ಕು ಹೆಜ್ಜೆ ಬಿಟ್ಟು ಕಂಬದ ಜಾಗ ಗುರುತು ಮಾಡಿದೆವು. ಮರ ಉಳಿಯಿತು.

ಇದೇ ದಿನಗಳಲ್ಲಿ ಇನ್ನೊಂದು ಆಗುತ್ತದೆ. ಸೂರ್ಯ ನೇರ ಹಿಂದೆ ಬಂದಾಗ ಅವನ ಗದ್ದಲಕ್ಕೆ ಕೆಲವು ನಿಮಿಷ ಚಿತ್ರ ಹೋಗುತ್ತದೆ, ಆಮೇಲೆ ತಾನೇ ಬರುತ್ತದೆ. ಇದು ಗೊತ್ತಿಲ್ಲದೆ ಡಿಶ್ ತಿರುಗಿಸಲು ಹೋಗಿ ಕೆಡಿಸಿಕೊಂಡವರು ಬೇಕಾದಷ್ಟು ಜನ.

ಕಟ್ಟಿದ ಬಗೆ

ಸೊಂಟದ ಎತ್ತರಕ್ಕೆ ಜಂಬಿಟ್ಟಿಗೆ ಕಲ್ಲಿನ ಕಂಬ ಕಟ್ಟಿ, ನಡುವೆ ಆ ಹಳೆಯ ಪೈಪು ನಿಲ್ಲಿಸಿ ಕಾಂಕ್ರೀಟ್ ತುಂಬಿದೆವು. ಗಾರೆಯವರ ತೂಗುಗುಂಡು ಹಿಡಿದು ಪೈಪು ನೆಟ್ಟಗಿದೆಯೇ ಎಂದು ಎರಡು ಕಡೆಯಿಂದ ನೋಡಿದೆವು. ಇದು ಹಟಕ್ಕೆ ಮಾಡಿದ್ದಲ್ಲ. ಪೈಪು ಸ್ವಲ್ಪ ವಾಲಿದರೂ ಡಿಶ್ ಪಕ್ಕಕ್ಕೆ ತಿರುಗಿಸುವಾಗ ಎತ್ತರವೂ ಬದಲಾಗುತ್ತದೆ, ಹುಡುಕಾಟ ಎರಡರಷ್ಟು ಆಗುತ್ತದೆ. ಉಪಗ್ರಹ ಅಷ್ಟು ಮೇಲಿರುವುದರಿಂದ ಡಿಶ್ ಎತ್ತರದಲ್ಲಿ ಇರಬೇಕಾದ ಅಗತ್ಯವೇ ಇಲ್ಲ. ಕೆಳಗಿದ್ದರೆ ಗಾಳಿಯ ಹೊಡೆತವೂ ಕಡಿಮೆ. ದನ ಮೈ ಉಜ್ಜದಂತೆ ಸುತ್ತ ಬಿದಿರಿನ ಬೇಲಿ ಹಾಕಿದೆವು. ಮಂಗ ಬಂದು ಕೂರುವುದನ್ನು ತಪ್ಪಿಸಲು ಆಗುವುದಿಲ್ಲ, ಆದರೆ ಅಲ್ಲಿಂದ ಹಾರಿ ಹೋಗಲು ಮಾಡೂ ಇಲ್ಲ, ಕೊಂಬೆಯೂ ಇಲ್ಲ.

ಡಿಶ್ಶಿನ ಗಾತ್ರದ ಬಗ್ಗೆ ಸ್ವಲ್ಪ ಚರ್ಚೆ ಆಯಿತು. ಸಾಮಾನ್ಯವಾಗಿ 60 ಸೆಂ.ಮೀ. ಡಿಶ್ ಕೊಡುತ್ತಾರೆ. ಸಿಗ್ನಲ್ ಬರುವುದು 11 ಗಿಗಾಹರ್ಟ್ಸ್ ಆಸುಪಾಸಿನ ಕೆಯು ಬ್ಯಾಂಡ್ ಎಂಬ ರೇಡಿಯೊ ಅಲೆಗಳಲ್ಲಿ, ಅದನ್ನು ಮಳೆಹನಿ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗೆ 90 ಸೆಂ.ಮೀ. ಒಳ್ಳೆಯದು. ಸಿಗ್ನಲ್ ಹಿಡಿಯುವ ಹರವು ಎರಡೂಕಾಲು ಪಟ್ಟು, ಲೆಕ್ಕದಲ್ಲಿ ಮೂರೂವರೆ ಡೆಸಿಬಲ್ ಜಾಸ್ತಿ. ಗಾಳಿಯ ಒತ್ತಡವೂ ಎರಡೂಕಾಲು ಪಟ್ಟು ಅನ್ನುವುದು ಅದರ ಇನ್ನೊಂದು ಮುಖ. ಮಾಡಿನ ಮೇಲೆ ಹಾಕುವುದಾದರೆ ನಾನು ದೊಡ್ಡದು ಬೇಡ ಅನ್ನುತ್ತಿದ್ದೆ. ನೆಲದ ಕಲ್ಲುಕಂಬದ ಮೇಲೆ ಧೈರ್ಯವಾಗಿ 90 ಹಾಕಿದೆವು. ಲಾಂಚಿನಲ್ಲಿ ಅದನ್ನು ಎದೆಗೆ ಅವಚಿಕೊಂಡು ನಿಂತಾಗ 'ಇದೆಂಥದು, ಅಪ್ಪೆಮಿಡಿ ಒಣಗಿಸೋಕಾ?' ಎಂದು ಒಬ್ಬರು ಕೇಳಿದರು.

ಕೇಬಲ್ ಆರ್‌ಜಿ-6. ಕಂಬದಿಂದ ಟಿ.ವಿ.ಗೆ ಮೂವತ್ತು ಮೀಟರಿನೊಳಗೇ ಬಂತು, ಅಷ್ಟು ದೂರದ ನಷ್ಟ ಎಲ್‌ಎನ್‌ಬಿಗೆ ಲೆಕ್ಕವಲ್ಲ. ನೆಲದಲ್ಲಿ ಹೂಳಬಹುದಿತ್ತು. ಆದರೆ ಹೂತ ಪೈಪಿನಲ್ಲಿ ನೀರು ನಿಲ್ಲುತ್ತದೆ, ಹೆಗ್ಗಣವೂ ಸೇರಿಕೊಳ್ಳುತ್ತದೆ, ಕೆಟ್ಟಾಗ ಎಲ್ಲಿ ಎಂದು ಕಾಣುವುದಿಲ್ಲ. ಜಗಲಿ ಕಟ್ಟೆಯ ಪಕ್ಕದಲ್ಲೇ ಕಣ್ಣಿಗೆ ಕಾಣುವಂತೆ ಪಿವಿಸಿ ಪೈಪಿನೊಳಗೆ ಹಾಯಿಸಿದೆವು. ಚಂದ ಕಾಣುವುದಿಲ್ಲ ಎಂದು ಅಮ್ಮ ಗೊಣಗಿದರು. ಎಲ್‌ಎನ್‌ಬಿ ಹತ್ತಿರ ಕೇಬಲನ್ನು ಕೆಳಕ್ಕೆ ಒಂದು ಬಳುಕು ಕೊಟ್ಟು ಮೇಲಕ್ಕೆ ಎತ್ತಿದೆವು, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಕನೆಕ್ಟರಿಗೆ ಎಲೆಕ್ಟ್ರಿಷಿಯನ್ ಟೇಪ್ ಒಂದನ್ನೇ ಸುತ್ತಿದರೆ ಅದು ಮಳೆಗಾಲದಲ್ಲಿ ಬಿಡುತ್ತದೆ, ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಎಳೆದು ಸುತ್ತಿದರೆ ಒಂದಕ್ಕೊಂದು ಅಂಟಿಕೊಳ್ಳುವ ರಬ್ಬರ್ ಟೇಪ್ ಬರುತ್ತದೆ, ಅದನ್ನು ಸುತ್ತಿ ಅದರ ಮೇಲೆ ಮಾಮೂಲಿ ಟೇಪ್ ಹಾಕಿದೆವು.

ಸಿಡಿಲಿನದ್ದು ಬೇರೆ ಕತೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಆ ಕಡೆ ಸುಡುವ ಟಿ.ವಿ.ಗಳಿಗೆ ಲೆಕ್ಕವಿಲ್ಲ. ಸಿಡಿಲು ಡಿಶ್ಶಿಗೇ ಬೀಳಬೇಕೆಂದಿಲ್ಲ, ಪಕ್ಕದ ಮರಕ್ಕೋ ಕರೆಂಟು ತಂತಿಗೋ ಬಿದ್ದರೂ ಕೇಬಲಿನಲ್ಲಿ ಹರಿದು ಬರುತ್ತದೆ. ಕಂಬಕ್ಕೆ ಅರ್ತಿಂಗ್ ಕೊಟ್ಟೆವು. ಆದರೆ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಅರ್ತಿಂಗ್ ಚೆನ್ನಾಗಿ ಸಿಗುವುದಿಲ್ಲ. ಬಚ್ಚಲು ನೀರು ಹರಿದುಹೋಗುವ ಕಡೆ ನೆಲ ಸದಾ ಹಸಿ, ಅಲ್ಲಿಗೇ ರಾಡ್ ಹೊಡೆದೆವು. ಇಷ್ಟಾದರೂ ನೇರ ಸಿಡಿಲಿಗೆ ಇದು ಯಾವುದೂ ತಡೆಯಲ್ಲ. ಗುಡುಗು ದೂರ ಇರುವಾಗಲೇ ಕರೆಂಟಿನ ಪ್ಲಗ್ಗು, ಬಾಕ್ಸಿನ ಹಿಂದಿನ ಕೇಬಲ್ ಎರಡನ್ನೂ ತೆಗೆದಿಡಬೇಕು. ಹೆಚ್ಚಿನವರು ಪ್ಲಗ್ಗು ತೆಗೆಯುತ್ತಾರೆ, ಕೇಬಲ್ ಮರೆಯುತ್ತಾರೆ.

ಯಜಮಾನರ ಪರೀಕ್ಷೆ

ದಿಕ್ಕು ಕೂಡಿಸಿದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ ಕ್ವಾಲಿಟಿ ಅತಿ ಹೆಚ್ಚು ಬರುವ ಜಾಗ ಹುಡುಕಿದೆವು. ಉಪಗ್ರಹ ನಮಗೆ ಓರೆಯಾಗಿ ಇರುವುದರಿಂದ ಇದನ್ನು ಬಿಡುವಂತಿಲ್ಲ. ಬಹಳ ಕಡೆ ಬಿಟ್ಟಿರುತ್ತಾರೆ. ಬಿಸಿಲಲ್ಲಿ ಚಿತ್ರ ಬರುತ್ತದೆ, ಮೋಡ ಕವಿದರೆ ಹೋಗುತ್ತದೆ. ಎಲ್ಲ ಬಿಗಿ ಮಾಡಿ ಆದ ಮೇಲೆ ಪೈಪಿಗೂ ಕ್ಲಾಂಪಿಗೂ ಸೇರಿಸಿ ಕೆಂಪು ಪೇಂಟಿನಲ್ಲಿ ಒಂದು ಗೆರೆ, ಎತ್ತರದ ಬೋಲ್ಟಿನ ಹತ್ತಿರ ಇನ್ನೊಂದು, ಎಲ್‌ಎನ್‌ಬಿಗೆ ಮತ್ತೊಂದು ಗೆರೆ ಎಳೆದೆವು. ಯಾವುದು ಅಲುಗಿದರೂ ಗೆರೆ ಮುರಿಯುತ್ತದೆ. ಗೆರೆ ಕೂಡಿಸಿದರೆ ಡಿಶ್ ತನ್ನ ಜಾಗಕ್ಕೆ ಬಂತು.

ಆಮೇಲೆ ಬೋಲ್ಟ್ ಸಡಿಲಿಸಿ ಡಿಶ್ಶನ್ನು ಬೇಕೆಂದೇ ತಿರುಗಿಸಿಬಿಟ್ಟೆವು. 'ಈಗ ನೀವೇ ತನ್ನಿ ನೋಡೋಣ' ಎಂದೆ. ಯಜಮಾನರು ಸ್ಪ್ಯಾನರ್ ಹಿಡಿದರು, ಒಳಗೆ ಅಮ್ಮ ಪರದೆ ಮುಂದೆ ಕೂತರು.

'ಎಷ್ಟಿದ್ಯೇ?'

'ಸೊನ್ನೆ... ಸೊನ್ನೆ... ಹಾಂ, ಹತ್ತು! ನಲವತ್ತು! ಅಯ್ಯೋ ಇಳೀತು, ನಿಲ್ಸಿ ನಿಲ್ಸಿ!'

'ನಿಲ್ಸು ಅಂತ ಮೊದ್ಲೇ ಹೇಳ್ಬಾರ್ದಾ!'

ರಾಮಾಯಣದ ಕಾಲದಲ್ಲೂ ಇದೇ ಜೋಡಿ, ಇದೇ ಜಗಳ ಇದ್ದಿರಬೇಕು. ಒಂದು ವ್ಯತ್ಯಾಸ ಮಾತ್ರ ಹೇಳಿಕೊಟ್ಟೆ. ಹಳೆಯ ಆಂಟೆನಾ ತಿರುಗಿಸಿದ ಕೂಡಲೇ ಚಿತ್ರ ಬದಲಾಗುತ್ತಿತ್ತು. ಡಿಜಿಟಲ್ ಬಾಕ್ಸಿಗೆ ಅರ್ಥ ಮಾಡಿಕೊಳ್ಳಲು ಒಂದೆರಡು ಸೆಕೆಂಡು ಬೇಕು. ಬೆರಳಗಲ ತಿರುಗಿಸಿ, ನಿಂತು, ಉಸಿರು ಬಿಟ್ಟು, ಕೇಳಿ ಮತ್ತೆ ತಿರುಗಿಸಬೇಕು. ಅದು ಗೊತ್ತಾದ ಮೇಲೆ ಅವರು ಯಾರ ಸಹಾಯವೂ ಇಲ್ಲದೆ ಕೂಡಿಸಿದರು. ಕನೆಕ್ಟರ್ ಕೊಯ್ದು ಹೊಸದು ಹಾಕುವುದನ್ನೂ ಅವರ ಕೈಯಲ್ಲೇ ಮಾಡಿಸಿದೆ. ಅಡಿಕೆ ಸುಲಿದ ಕೈ, ಚಾಕು ಹಿಡಿಯಲು ಯಾರೂ ಕಲಿಸಬೇಕಿರಲಿಲ್ಲ. ನಡುವಿನ ತಾಮ್ರದ ತಂತಿಗೆ ಹೊರಗಿನ ಜಾಲರಿಯ ಒಂದು ಎಳೆಯೂ ತಾಗಬಾರದು ಅನ್ನುವುದೊಂದನ್ನು ಮತ್ತೆ ಮತ್ತೆ ಹೇಳಿದೆ. ತಾಗಿದರೆ ಶಾರ್ಟ್ ಆಗುತ್ತದೆ.

ಒಂದು ಡಬ್ಬಿಯಲ್ಲಿ ಒಂದು ಹೆಚ್ಚುವರಿ ಎಲ್‌ಎನ್‌ಬಿ, ನಾಲ್ಕಾರು ಕನೆಕ್ಟರ್, ರಬ್ಬರ್ ಟೇಪ್, ಸ್ಪ್ಯಾನರ್ ಇಟ್ಟು ಬಂದೆವು. ಏನು ಕೆಟ್ಟರೆ ಮೊದಲು ಏನು ನೋಡಬೇಕು ಅನ್ನುವುದನ್ನು ಅವರೇ ತಮ್ಮ ಅಕ್ಷರದಲ್ಲಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರು.

ಕರೆಂಟು ಹೋದರೆ ಏನು ಅನ್ನುವುದು ಉಳಿದಿತ್ತು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ. ಮನೆಯಲ್ಲಿ ಸೋಲಾರ್ ದೀಪಕ್ಕೆ 12 ವೋಲ್ಟಿನ, 40 ಆಂಪಿಯರ್-ಅವರ್‌ನ ಬ್ಯಾಟರಿ ಇತ್ತು. ಅವರ ಚಿಕ್ಕ ಎಲ್‌ಇಡಿ ಟಿ.ವಿ.ಯೂ ಬಾಕ್ಸೂ 12 ವೋಲ್ಟಿಗೇ ನಡೆಯುವಂಥವು, ಎರಡೂ ಸೇರಿ 40 ವಾಟ್ ದಾಟುವುದಿಲ್ಲ. ಬ್ಯಾಟರಿಯ ಅರ್ಧ ಮಾತ್ರ ಬಳಸಿದರೂ ಐದಾರು ಗಂಟೆ ಬರುತ್ತದೆ. ಆದರೆ ಆ ಮಳೆಯಲ್ಲಿ ಬಿಸಿಲೆಲ್ಲಿ, ತುಂಬುವುದೆಲ್ಲಿ? ದೀಪ ಮೊದಲು, ಟಿ.ವಿ. ಆಮೇಲೆ ಎಂದು ಅವರೇ ಒಪ್ಪಿಕೊಂಡರು. ರಾತ್ರಿ ವಾರ್ತೆ ಒಂದು ನೋಡಿದರೆ ಆಯಿತು.

ಮಳೆಗಾಲ ಕಳೆದ ಮೇಲೆ

ದೀಪಾವಳಿ ಹೊತ್ತಿಗೆ ಸುದ್ದಿ ಸಿಕ್ಕಿತು. ಜೋರು ಮಳೆಯಲ್ಲಿ ಚಿತ್ರ ಹೋಗುತ್ತಿತ್ತು, ಮಳೆ ಸಣ್ಣಗಾದ ಕೂಡಲೇ ಬರುತ್ತಿತ್ತು. 90 ಸೆಂ.ಮೀ. ಡಿಶ್ ಅದನ್ನು ಕಡಿಮೆ ಮಾಡಿದೆ, ನಿಲ್ಲಿಸಿಲ್ಲ. ಅದು ನಿರೀಕ್ಷೆ ಇದ್ದದ್ದೇ.

ಪುಷ್ಯ ಮಳೆಯ ನಡುವೆ ಒಂದು ದಿನ ಚಿತ್ರ ಹೋದದ್ದು ಮಳೆ ನಿಂತರೂ ಬರಲಿಲ್ಲ. ಈ ಸಲ ಸ್ಟ್ರೆಂತ್ ಕೂಡ ಇಲ್ಲ. ಯಜಮಾನರು ಮುಚ್ಚಳದ ಕಾಗದ ನೋಡಿದರು. ಕೆಂಪು ಗೆರೆಗಳು ಸರಿ ಇವೆ, ಅಂದರೆ ಡಿಶ್ ಅಲುಗಿಲ್ಲ. ಸ್ಟ್ರೆಂತ್ ಇಲ್ಲ ಅಂದರೆ ಎಲ್‌ಎನ್‌ಬಿಗೆ ಕರೆಂಟು ಹೋಗುತ್ತಿಲ್ಲ. ಕೇಬಲ್ ಜೊತೆಗೇ ನಡೆದು ನೋಡಿದಾಗ, ಪೈಪಿನಿಂದ ಹೊರಬರುವ ಕಡೆ ಅಳಿಲು ಕಡಿದು ಒಳಗಿನ ಜಾಲರಿ ಹೊರಬಂದಿತ್ತು. ಪ್ಲಗ್ಗು ತೆಗೆದು, ಅಲ್ಲಿಗೆ ಕೊಯ್ದು, ಹೊಸ ಕನೆಕ್ಟರ್ ಹಾಕಿ, ಟೇಪ್ ಸುತ್ತಿದರು. ಬಳುಕಿನಲ್ಲಿ ಕೇಬಲ್ ಸ್ವಲ್ಪ ಜಾಸ್ತಿ ಇದ್ದದ್ದರಿಂದ ಉದ್ದ ಸಾಕಾಯಿತು. ಕೇಬಲ್ ಹೂಳಿದ್ದರೆ ಅಥವಾ ಡಿಶ್ ಮಾಡಿನ ಮೇಲಿದ್ದರೆ ಇದು ದೀಪಾವಳಿವರೆಗೆ ಕಾಯಬೇಕಿತ್ತು. ಆಮೇಲೆ ಅವರು ಆ ತುದಿಗೆ ಹಳೆಯ ಗಾರ್ಡನ್ ಪೈಪಿನ ತುಂಡೊಂದನ್ನು ಸೀಳಿ ತೊಡಿಸಿದ್ದಾರೆ. ಅದು ನನಗೆ ಹೊಳೆದಿರಲಿಲ್ಲ. ಈಗ ಬೇರೆ ಕಡೆಯೂ ಹಾಗೇ ಮಾಡುತ್ತೇನೆ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ತೆರೆಯಿತು. ಈಗ ಸಾಗರದಿಂದ ಬೈಕಿನಲ್ಲೇ ಹೋಗಿ ಬರಬಹುದು, ಕೊನೆಯ ಲಾಂಚಿನ ಆತಂಕ ಇಲ್ಲ. ಹಾಗಂತ ಆ ಮನೆಗೆ ಮುಖ್ಯರಸ್ತೆಯಿಂದ ಒಳಗಿನ ಮಣ್ಣಿನ ದಾರಿ ಹಾಗೇ ಇದೆ, ಆಷಾಢದಲ್ಲಿ ಕೆಸರೂ ಹಾಗೇ ಇದೆ.

ಅವರ ಕೆಳಗಿನ ಮನೆಯವರು ಈಗ ತಮಗೂ ಹಾಗೇ ಒಂದು ಹಾಕಿಕೊಡಿ ಅನ್ನುತ್ತಿದ್ದಾರೆ. ಅವರದು ಬೇರೆ ಲೆಕ್ಕ. ಮನೆ ತೋಟದ ನಡುವೆ ಇದೆ, ಅಡಿಕೆ ಮರಗಳು ಗೋಡೆಗೆ ತಾಗಿಕೊಂಡೇ ಇವೆ, ಅಂಗಳಕ್ಕೆ ಹನ್ನೊಂದು ಗಂಟೆಗೂ ಬಿಸಿಲು ಚೂರು ಚೂರೇ. ಬಿಸಿಲು ಪೂರ್ತಿ ಬೀಳುವ ಜಾಗ ಇರುವುದು ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಮನೆಯಿಂದ ಅರವತ್ತು ಎಪ್ಪತ್ತು ಮೀಟರ್ ದೂರ. ಅಷ್ಟು ಕೇಬಲಿಗೆ ತಂತಿ ಪೂರ್ತಿ ತಾಮ್ರದ್ದೇ ಬೇಕು. ತಾಮ್ರ ಲೇಪಿಸಿದ ಉಕ್ಕಿನ ತಂತಿಯಾದರೆ ಎಲ್‌ಎನ್‌ಬಿಗೆ ಹೋಗುವ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ನಡುವೆ ಸಿಗ್ನಲಿಗೆ ಬಲ ಕೊಡುವ ಒಂದು ಲೈನ್ ಆಂಪ್ಲಿಫೈಯರ್ ಕೂಡ ಬೇಕಾಗಬಹುದು. ಮೇಲಿನ ಮನೆಯ ಡಿಶ್ಶಿಗೇ ಎರಡು ತೂತಿನ ಎಲ್‌ಎನ್‌ಬಿ ಹಾಕಿ ಅಲ್ಲಿಂದ ಕೆಳಕ್ಕೆ ಕೇಬಲ್ ಎಳೆಯುವುದು ಅಗ್ಗ. ಆದರೆ ಎರಡು ಮನೆಯವರಿಗೂ ದಾರಿ ವಿಷಯದಲ್ಲಿ ಹಳೆಯ ಮನಸ್ತಾಪ ಇದೆ. ಕೇಬಲ್ ಯಾರ ಬೇಲಿಯ ಮೇಲೆ ಹಾಯಬೇಕು ಅನ್ನುವುದು ತೀರ್ಮಾನವಾದ ಮೇಲೆ ಹೇಳಿ ಎಂದಿದ್ದೇನೆ.